195 ಅಕ್ಷರಗಳ ಅರವಟ್ಟಿಗೆ

ಉದ್ದನೆಯ ಪದಗಳ ಮಾತು ಬಂದಾಗಲೆಲ್ಲ ಇಂಗ್ಲಿಷಿನ 45 ಅಕ್ಷರಗಳ ಒಂದು ಶ್ವಾಸಕೋಶದ ಕಾಯಿಲೆಯ ಹೆಸರು ಮುಂದೆ ಬರುತ್ತದೆ. ವೈದ್ಯರಿಗೆ ಅದು ಬರೀ ಸಿಲಿಕೋಸಿಸ್. ಉದ್ದದ ಹೆಸರನ್ನು 1935ರಲ್ಲಿ ಅಮೆರಿಕದ ಒಗಟು ಪ್ರಿಯರ ಸಂಘದ ಅಧ್ಯಕ್ಷರು ಉದ್ದಕ್ಕೆಂದೇ ಹೊಸೆದರು. ನನಗೆ ಅದು ಪದಕ್ಕಿಂತ ಹೆಚ್ಚಾಗಿ ಪಂದ್ಯದಂತೆ ಕಾಣುತ್ತದೆ.

ಇದಕ್ಕಿಂತ ಸುಮಾರು ನಾಲ್ಕು ಶತಮಾನ ಮೊದಲು ವಿಜಯನಗರದ ಅಚ್ಯುತರಾಯನ ಆಸ್ಥಾನದಲ್ಲಿ ತಿರುಮಲಾಂಬೆ ಎಂಬ ಕವಯಿತ್ರಿ ಸಂಸ್ಕೃತದಲ್ಲಿ ‘ವರದಾಂಬಿಕಾಪರಿಣಯ ಚಂಪೂ’ ಎಂಬ, ಗದ್ಯಪದ್ಯ ಬೆರೆತ ಕಾವ್ಯ ಬರೆದಳು. ಅಚ್ಯುತರಾಯನ ಮದುವೆ ಅದರ ವಸ್ತು. ಅವನ ತಂದೆ ನರಸನಾಯಕನ ದಂಡಯಾತ್ರೆಯೂ ಅದರಲ್ಲಿ ಬರುತ್ತದೆ. ಕಂಚಿಯ ಸುತ್ತಲಿನ ತುಂಡೀರ ದೇಶವನ್ನು ಬಣ್ಣಿಸುವಲ್ಲಿ ‘ನಿರಂತರಾಂಧಕಾರಿತ’ ಎಂದು ಶುರುವಾದ ಒಂದು ಸಮಾಸ ‘ಪಥಿಕಲೋಕಾನ್’ ಎನ್ನುವವರೆಗೂ ನಿಲ್ಲುವುದಿಲ್ಲ. ಗಿನ್ನೆಸ್ ಲೆಕ್ಕದಲ್ಲಿ 195 ಅಕ್ಷರ, ರೋಮನ್ ಲಿಪಿಗೆ ಇಳಿಸಿದರೆ 428.

ಅದರೊಳಗೆ ಇರುವುದು ಬೇಸಿಗೆಯ ಒಂದು ಅರವಟ್ಟಿಗೆ. ದಿಕ್ಕುಗಳೇ ಕತ್ತಲಾಗುವಷ್ಟು ದಟ್ಟವಾದ ಮಾವಿನ ತೋಪು. ತೊಟ್ಟಿಕ್ಕುವ ಮಕರಂದದಿಂದ ಅದು ಮಳೆಮೋಡವೇನೋ ಎಂಬ ಅನುಮಾನ ಹುಟ್ಟುತ್ತದೆ. ಬುಡದಲ್ಲಿ ಹಾಸಿಗೆಯಂಥ ಮೆತ್ತನೆಯ ಮರಳು, ಅಲ್ಲಿ ಮರುಗ ಮತ್ತು ಲಾವಂಚದ ಬೇರು ಸೇರಿಸಿ ಕಟ್ಟಿದ ಚಪ್ಪರ. ಹುಡುಗಿಯರು ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಯ ಪರಿಮಳವಿರುವ ತಣ್ಣೀರನ್ನು ಗಿಂಡಿಯಿಂದ ಹೊಯ್ಯುತ್ತಿದ್ದಾರೆ. ಆದರೆ ದಾರಿಹೋಕರ ದಾಹ ಆರುವುದು ಆ ನೀರಿನಿಂದಲ್ಲ, ನೀರನ್ನೇ ನಾಚಿಸುವ ಅವರ ಕಣ್ಣಿನ ಕಾಂತಿಯಿಂದ! ಇಷ್ಟಕ್ಕೂ ವಿಭಕ್ತಿ ಪ್ರತ್ಯಯ ಒಂದೇ, ಅದೂ ಕೊನೆಯಲ್ಲಿ. ಅಲ್ಲಿಗೆ ಬರುವವರೆಗೆ ಇವೆಲ್ಲ ಯಾವುದರ ವಿಶೇಷಣ ಎಂದು ತಿಳಿಯದೆ ಕೇಳುಗ ಕಾಯಬೇಕು.

ಸಂಸ್ಕೃತ ಮೊದಲಿನಿಂದಲೂ ಹೀಗಿರಲಿಲ್ಲ. ವೇದದ ಸಮಾಸಗಳು ಬಹುಪಾಲು ಎರಡು ಪದಗಳವು. ವ್ಯಾಕರಣ ಸಮಾಸದ ಉದ್ದಕ್ಕೆ ಮಿತಿ ಹಾಕಲಿಲ್ಲವಾದರೂ ಆ ಸ್ವಾತಂತ್ರ್ಯವನ್ನು ಧಾರಾಳವಾಗಿ ಬಳಸಿಕೊಂಡದ್ದು ರಾಜರನ್ನು ಹೊಗಳುವ ಪ್ರಶಸ್ತಿ ಶಾಸನಗಳು. ಕ್ರಿ.ಶ. 150ರ ಸುಮಾರಿನ ರುದ್ರದಾಮನನ ಜುನಾಗಢ ಶಾಸನದಲ್ಲಿಯೇ ಉದ್ದುದ್ದ ಸಮಾಸಗಳ ಗದ್ಯವಿದೆ. ಮುಂದೆ ಅಲಂಕಾರಶಾಸ್ತ್ರಕಾರ ದಂಡಿ, ಸಮಾಸಗಳ ಹೇರಳತೆಯೇ ‘ಓಜಸ್ಸು’, ಅದೇ ಗದ್ಯದ ಜೀವಾಳ ಎಂದು ನಿಯಮವನ್ನೇ ಬರೆದ. ಅವನಿಗಿಂತ ಮೊದಲೇ ಬಾಣನ ಗದ್ಯ ಅದನ್ನು ಮೆರೆಸಿತ್ತು. ಇಂದು ಉಳಿದಿರುವ ಸಂಸ್ಕೃತ ಚಂಪೂಗಳಲ್ಲಿ ಮೊದಲನೆಯದಾದ ತ್ರಿವಿಕ್ರಮನ ‘ನಳಚಂಪೂ’ ರಾಷ್ಟ್ರಕೂಟರ ಆಸ್ಥಾನದ್ದು. ತಿರುಮಲಾಂಬೆಗೆ ಈ ದಾರಿ ಹೊಸದಾಗಿರಲಿಲ್ಲ.

ಕನ್ನಡದಲ್ಲಿ ಮಾತ್ರ ಜಗಳವಾಯಿತು. ದಂಡಿಯನ್ನು ಆಧರಿಸಿ ಬರೆದ ‘ಕವಿರಾಜಮಾರ್ಗ’ವೇ, ಸಕ್ಕದವನ್ನೂ ಕನ್ನಡವನ್ನೂ ಒಂದೇ ಸಮಾಸದಲ್ಲಿ ಕಲಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿಸಿದಂತೆ ಎಂದಿತು. ಮುಳುಗುಂದದ ನಯಸೇನ 12ನೇ ಶತಮಾನದಲ್ಲಿ ತುಪ್ಪಕ್ಕೆ ಎಣ್ಣೆ ಬೆರೆಸುವುದು ತಕ್ಕುದೇ ಎಂದು ಕೇಳಿದ. ಅರಿಸಮಾಸ ಎಂದು ವೈಯಾಕರಣರು ಬೈದದ್ದು ಇದನ್ನೇ. ನಮ್ಮ ಚಂಪೂಗಳ ಮಾರುದ್ದದ ಸಮಾಸಗಳು ಹೆಚ್ಚಾಗಿ ಅಪ್ಪಟ ಸಂಸ್ಕೃತವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ತಿರುಮಲಾಂಬೆ ಅಚ್ಯುತನ ರಾಣಿಯೋ ಅಥವಾ ಶಾಸನಗಳಲ್ಲಿ ಕಾಣುವ ‘ಓದುವ ತಿರುಮಲಮ್ಮ’ ಎಂಬ ಅರಮನೆಯ ವಾಚಕಿಯೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನನ್ನ ಒಲವು ವಾಚಕಿಯ ಕಡೆಗೆ. ಬಿಂದು, ವೃಂದ, ಮಕರಂದ, ಮಾಕಂದ ಎಂದು ಪ್ರಾಸ ಹಿಡಿದು ಸಾಗುವ ಈ ಸಮಾಸ ಕಣ್ಣಿಗಿಂತ ಕಿವಿಗೆ ಕಟ್ಟಿದ್ದು. ಇದಕ್ಕಿಂತ ಗಟ್ಟಿಯಾದ ಆಧಾರ ನನ್ನಲ್ಲಿಲ್ಲ.

ಈ ಕಾವ್ಯದ ಹಸ್ತಪ್ರತಿ ಸಂಸ್ಕೃತ ವಿದ್ವಾಂಸ ಲಕ್ಷ್ಮಣ ಸರೂಪರಿಗೆ ದೊರೆತದ್ದು ತಂಜಾವೂರಿನ ಅರಮನೆಯ ಗ್ರಂಥಭಂಡಾರದಲ್ಲಿ. ಅವರ ಸಂಪಾದನೆಯಲ್ಲಿ ಅದು ಲಾಹೋರಿನಿಂದ ಅಚ್ಚಾಯಿತು. ಹಳೆಯ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ಎರಡಕ್ಷರದ ಪದವೂ 195 ಅಕ್ಷರದ ಪದವೂ ಒಂದೇ ಸಾಲಿನಲ್ಲಿ ಅಂಟಿಕೊಂಡಿರುತ್ತಿದ್ದವು. ಪದ ಎಲ್ಲಿ ಮುಗಿಯಿತೆಂದು ಹೇಳುತ್ತಿದ್ದದ್ದು ವ್ಯಾಕರಣ. ಅಚ್ಚಿನ ಮೊಳೆಗಳ ನಡುವೆ ಖಾಲಿ ಜಾಗ ಬಂದ ಮೇಲೆಯೇ ಉದ್ದ ಕಣ್ಣಿಗೆ ಬಿತ್ತು, ಅಳೆಯುವವರೂ ಹುಟ್ಟಿಕೊಂಡರು. ಈಗಂತೂ ಈ ಸಮಾಸವನ್ನು ಹೆಜ್ಜೆಗೊಂದು ಅಡ್ಡಗೆರೆ ಹಾಕಿ ಬಿಡಿಸಿಟ್ಟೇ ಮುದ್ರಿಸುತ್ತಾರೆ.