ತುದಿ ಬಿಡಿ, ತಗ್ಗು ನೋಡಿ: ದೇಶದ ಎತ್ತರದ ಶಿಖರಗಳ ಟಿಪ್ಪಣಿ

ಶಿರಸಿಯಲ್ಲಿ ನಮ್ಮದು ಐದು ಜನರ ಓದಿನ ಗುಂಪು. ಹೋದ ತಿಂಗಳು ಒಂದು ಅಣಕು ಪರೀಕ್ಷೆ ಬರೆದೆವು. ಅದರಲ್ಲೊಂದು ಪ್ರಶ್ನೆ: ಭಾರತದ ಎರಡನೇ ಅತಿ ಎತ್ತರದ ಶಿಖರ ಯಾವುದು? ಐದು ಜನರಿಂದ ಮೂರು ಉತ್ತರ ಬಂದವು. ಇಬ್ಬರು ಕಾಂಚನಜುಂಗಾ ಎಂದರು. ಇಬ್ಬರು ನಂದಾದೇವಿ ಎಂದರು. ನಾನು ಸ್ವಲ್ಪ ಜಾಸ್ತಿ ಬುದ್ಧಿ ಓಡಿಸಿ, ಕಾಂಚನಜುಂಗಾದ ದಕ್ಷಿಣ ಶಿಖರ ಎಂದು ಬರೆದೆ. ಅಂಕ ಹೋಯಿತು. ಆದರೆ ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು, ಮೂರು ಉತ್ತರಕ್ಕೂ ಒಂದೊಂದು ಕಾರಣ ಇದೆ. ಆ ಕಾರಣಗಳನ್ನು ಬಿಡಿಸಿದರೆ ಈ ಪಾಠದ ಮುಕ್ಕಾಲು ಭಾಗ ಮುಗಿದ ಹಾಗೆ.

ಮೊದಲು ಗಡಿಯ ವಿಷಯ ಮುಗಿಸಿಬಿಡೋಣ. ಕೆ2 ಶಿಖರ 8611 ಮೀಟರ್. ಅದಿರುವುದು ಪಾಕಿಸ್ತಾನದ ಹಿಡಿತದಲ್ಲಿರುವ ಗಿಲ್ಗಿಟ್-ಬಾಲ್ಟಿಸ್ತಾನದಲ್ಲಿ. ಭಾರತದ ಅಧಿಕೃತ ನಕ್ಷೆ ಆ ಜಾಗವನ್ನು ನಮ್ಮದೆಂದೇ ತೋರಿಸುತ್ತದೆ. ಹಾಗಾಗಿ ಕೆಲವು ಪುಸ್ತಕಗಳಲ್ಲಿ ಮೊದಲ ಸ್ಥಾನ ಕೆ2ಗೆ, ಎರಡನೆಯದು 8586 ಮೀಟರಿನ ಕಾಂಚನಜುಂಗಾಕ್ಕೆ. ನಮ್ಮ ಹಿಡಿತದಲ್ಲಿರುವ ನೆಲವನ್ನಷ್ಟೇ ಎಣಿಸಿದರೆ ಕಾಂಚನಜುಂಗಾ ಮೊದಲು, 7816 ಮೀಟರಿನ ನಂದಾದೇವಿ ಎರಡನೆಯದು. ಕಾಂಚನಜುಂಗಾ ನಿಂತಿರುವುದು ನೇಪಾಳದ ಗಡಿಯ ಮೇಲೆ. 'ಪೂರ್ತಿ ಭಾರತದೊಳಗಿರುವ ಅತಿ ಎತ್ತರದ ಶಿಖರ' ಎಂದು ಕೇಳಿದರೆ ಕಣ್ಣು ಮುಚ್ಚಿ ನಂದಾದೇವಿ ಬರೆಯಿರಿ.

ಇನ್ನು ನನ್ನ ಉತ್ತರ. ಕಾಂಚನಜುಂಗಾ ಒಂದೇ ಮೊನೆಯ ಬೆಟ್ಟ ಅಲ್ಲ, ಅದಕ್ಕೆ ಐದು ತುದಿ. ಹೆಸರಿನ ಅರ್ಥವೇ ಹಿಮದ ಐದು ಭಂಡಾರ ಎಂದು ಹೇಳುತ್ತಾರೆ. ಮುಖ್ಯ, ಮಧ್ಯ, ದಕ್ಷಿಣ ಈ ಮೂರು ತುದಿಗಳು ಗಡಿಯ ಮೇಲೇ ಇವೆ. ಮಧ್ಯ, ದಕ್ಷಿಣ ಎರಡೂ 8400 ಮೀಟರ್ ದಾಟಿದವು, ಅಂದರೆ ನಂದಾದೇವಿಗಿಂತ ಆರುನೂರು ಮೀಟರಿಗೂ ಮೇಲೆ. ಹಾಗಿದ್ದರೂ ಪಟ್ಟಿಯಲ್ಲಿ ಯಾಕಿಲ್ಲ? ಅವು ಬೇರೆ ಬೆಟ್ಟ ಅಲ್ಲ, ಅದೇ ಬೆಟ್ಟದ ಭುಜಗಳು ಎಂದು ಲೆಕ್ಕ. ಬೇರೆ ಬೆಟ್ಟ ಯಾವುದು, ಭುಜ ಯಾವುದು ಎಂದು ಹೇಳುವುದು ಹೇಗೆ? ಅಲ್ಲಿ ಬರುವುದೇ ಪ್ರಾಮಿನೆನ್ಸ್. ನನ್ನ ಪುಸ್ತಕದಲ್ಲಿ ನಾನು ಇದಕ್ಕೆ 'ಸ್ವಂತ ಎತ್ತರ' ಎಂದು ಬರೆದುಕೊಂಡಿದ್ದೇನೆ. ಇಲ್ಲೂ ಹಾಗೇ ಕರೆಯುತ್ತೇನೆ.

ಸೂಪಾ ನೀರಿನಲ್ಲಿ ಪಾಠ

ಇದನ್ನು ಅರ್ಥ ಮಾಡಿಕೊಳ್ಳಲು ಹಿಮಾಲಯಕ್ಕೆ ಹೋಗಬೇಕಿಲ್ಲ. ಜೋಯಿಡಾ ಕಡೆ ಗಣೇಶಗುಡಿಗೆ ಹೋಗಿ. ಕಾಳಿ ನದಿಗೆ ಅಡ್ಡ ಕಟ್ಟಿದ ಸೂಪಾ ಅಣೆಕಟ್ಟು 101 ಮೀಟರ್ ಎತ್ತರದ್ದು. ಹಿನ್ನೀರಿನಲ್ಲಿ ಹಳೆಯ ಗುಡ್ಡಗಳ ತಲೆ ದ್ವೀಪದ ಹಾಗೆ ಎದ್ದಿವೆ. ಮಳೆಗಾಲ ಮುಗಿದು ನೀರು ತುಂಬಿದಾಗ ಎರಡು ಗುಡ್ಡ ಎರಡು ದ್ವೀಪ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಬಂದ ಹಾಗೆ ಅವುಗಳ ನಡುವೆ ಮಣ್ಣಿನ ಏರಿಯೊಂದು ಮೇಲೇಳುತ್ತದೆ. ಒಂದು ದಿನ ಎರಡೂ ಕೂಡಿಕೊಳ್ಳುತ್ತವೆ. ಕೂಡಿಕೊಂಡ ಆ ಜಾಗವೇ ತಗ್ಗು. ಚಾರಣಿಗರು ಅದನ್ನು ಸ್ಯಾಡಲ್ ಅಥವಾ ಕಾಲ್ ಎನ್ನುತ್ತಾರೆ. ಕುದುರೆಯ ಜೀನಿನ ಹಾಗೆ ಎರಡು ಕಡೆ ಏರು, ಎರಡು ಕಡೆ ಇಳಿಜಾರು.

ಈಗ ಚಿಕ್ಕ ಗುಡ್ಡವನ್ನು ನೋಡಿ. ತನಗಿಂತ ದೊಡ್ಡ ಗುಡ್ಡದ ಜೊತೆ ಅದು ಕೂಡಿಕೊಂಡಾಗ ನೀರಿನ ಮೇಲೆ ಎಷ್ಟು ಎದ್ದಿತ್ತೋ ಅಷ್ಟೇ ಅದರ ಸ್ವಂತ ಎತ್ತರ. ಇದನ್ನೇ ನಡೆಯುವವರ ಭಾಷೆಯಲ್ಲಿ ಹೇಳುವುದಾದರೆ: ಈ ತುದಿಯಿಂದ ಇದಕ್ಕಿಂತ ಎತ್ತರದ ಜಾಗಕ್ಕೆ ಹೋಗಬೇಕು, ಆದಷ್ಟು ಕಡಿಮೆ ಇಳಿಯುವ ದಾರಿ ಹಿಡಿಯಬೇಕು. ಆಗಲೂ ಎಷ್ಟು ಇಳಿಯಲೇಬೇಕೋ ಅಷ್ಟು. ಲೆಕ್ಕ ಒಂದೇ ಸಾಲಿನದು: ತುದಿಯ ಎತ್ತರದಲ್ಲಿ ತಗ್ಗಿನ ಎತ್ತರ ಕಳೆಯಿರಿ.

ದ್ವೀಪದ ಅತಿ ಎತ್ತರದ ತುದಿಗೆ ತಗ್ಗು ಎಂದರೆ ಸಮುದ್ರವೇ. ಆದ್ದರಿಂದ ಕಾರವಾರದ ಅಂಜುದೀವಿಗೋ ಮುರುಡೇಶ್ವರದ ಎದುರಿನ ನೇತ್ರಾಣಿಗೋ ಪೂರ್ತಿ ಎತ್ತರವೂ ಸ್ವಂತದ್ದು, ಸಾಲ ಒಂದು ಮೀಟರೂ ಇಲ್ಲ. ಎವರೆಸ್ಟಿಗೂ ಇದೇ ನಿಯಮ ಹಚ್ಚುತ್ತಾರೆ. ಅದಕ್ಕಿಂತ ಎತ್ತರದ್ದೇ ಇಲ್ಲವಲ್ಲ.

ಈಗ ದೊಡ್ಡ ಬೆಟ್ಟಗಳಿಗೆ ಬನ್ನಿ. ಕಾಂಚನಜುಂಗಾದಿಂದ ಅದಕ್ಕಿಂತ ಎತ್ತರದ್ದಕ್ಕೆ ಹೋಗಬೇಕಾದರೆ ಸುಮಾರು 4664 ಮೀಟರಿನ ತನಕ ಇಳಿಯಬೇಕು. 8586ರಲ್ಲಿ ಅದನ್ನು ಕಳೆದರೆ 3922. ನಂದಾದೇವಿಗೆ ಸ್ವಂತ ಎತ್ತರ 3139, 7756 ಮೀಟರಿನ ಕಾಮೆಟ್‌ಗೆ 2825. ಕಾಂಚನಜುಂಗಾದ ದಕ್ಷಿಣ ತುದಿಗೆ ಬರೀ ನೂರಿಪ್ಪತ್ತರ ಆಸುಪಾಸು. ಎತ್ತರದ ಬೆಟ್ಟಗಳ ಪಟ್ಟಿ ಮಾಡುವವರು ಸಾಮಾನ್ಯವಾಗಿ 500 ಮೀಟರಿನ ಗಡಿ ಹಾಕುತ್ತಾರೆ. ಸ್ವಂತ ಎತ್ತರ ಅಷ್ಟಿಲ್ಲದಿದ್ದರೆ ಅದು ಭುಜ. ನನ್ನ ಉತ್ತರ ಬಿದ್ದಿದ್ದು ಇಲ್ಲೇ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಸಂಖ್ಯೆ ಬೇರೆಯದು. ಕೇರಳದ ಆನೆಮುಡಿ 2695 ಮೀಟರ್. ಲಡಾಖ್‌ನ ಸಾಸೆರ್ ಕಾಂಗ್ರಿ 7672 ಮೀಟರ್. ಹೋಲಿಸುವ ಮಾತೇ ಇಲ್ಲ, ಅಲ್ವಾ? ಆದರೆ ಆನೆಮುಡಿಯ ಸ್ವಂತ ಎತ್ತರ 2479, ಸಾಸೆರ್ ಕಾಂಗ್ರಿಯದು 2304. ನಮ್ಮ ಸಹ್ಯಾದ್ರಿಯ ಬೆಟ್ಟವೇ ಮುಂದೆ! ಕಾರಣ ಸರಳ. ಸಾಸೆರ್ ಕಾಂಗ್ರಿ ಮೊದಲೇ ಎತ್ತರದ ಜಗುಲಿಯ ಮೇಲೆ ನಿಂತಿದೆ, ಪಕ್ಕದ ತಗ್ಗುಗಳೇ ಐದು ಸಾವಿರ ಮೀಟರ್ ಮೇಲಿವೆ. ಆನೆಮುಡಿಯಿಂದ ತನಗಿಂತ ದೊಡ್ಡ ಬೆಟ್ಟಕ್ಕೆ ಹೋಗಬೇಕಾದರೆ ಹಿಮಾಲಯದ ತನಕ ಹೋಗಬೇಕು. ದಾರಿಯಲ್ಲಿ 216 ಮೀಟರಿನಷ್ಟು ಕೆಳಗಿಳಿಯದೆ ಗತಿ ಇಲ್ಲ.

ಗಡಿ ಹಾಕುವುದರಲ್ಲಿ ಒಂದೊಂದು ದೇಶದ್ದು ಒಂದೊಂದು ರೂಢಿ. ಸ್ಕಾಟ್ಲೆಂಡಿನಲ್ಲಿ 3000 ಅಡಿ ದಾಟಿದ ಬೆಟ್ಟಗಳನ್ನು ಮನ್ರೋ ಎನ್ನುತ್ತಾರೆ. ಸರ್ ಹ್ಯೂ ಮನ್ರೋ 1891ರಲ್ಲಿ ಮೊದಲ ಪಟ್ಟಿ ಮಾಡಿದರು. ಸ್ವಂತ ಎತ್ತರ ಇಷ್ಟಿರಬೇಕು ಎಂದು ಅವರು ಅಂಕಿಯಲ್ಲಿ ಹೇಳಲಿಲ್ಲ. ಹಾಗಾಗಿ ಪಟ್ಟಿ ತಿದ್ದುಪಡಿ ಆಗುತ್ತಲೇ ಬಂದು ಈಗ 282ಕ್ಕೆ ನಿಂತಿದೆ. ಆಲ್ಪ್ಸ್‌ನ 4000 ಮೀಟರ್ ಪಟ್ಟಿಯಲ್ಲಿ 82 ಹೆಸರು, ಅಲ್ಲಿ ಬರೀ 30 ಮೀಟರ್ ಸಾಕು. ಅಮೆರಿಕದ ಕೊಲೊರಾಡೊದಲ್ಲಿ 300 ಅಡಿ. ಇನ್ನು ಎಂಟು ಸಾವಿರ ಮೀಟರ್ ದಾಟಿದ ಜಗತ್ತಿನ 14 ಶಿಖರಗಳು. ಅಡಿಯಲ್ಲಿ ಲೆಕ್ಕ ಹಾಕಿದರೆ 8000 ಮೀಟರ್ ಎಂದರೆ 26,247 ಅಡಿ. ಅಡಿಯಲ್ಲಿ ಅಳೆಯುವವರು ಯಾರೂ ಅಲ್ಲಿ ಗೆರೆ ಎಳೆಯುತ್ತಿರಲಿಲ್ಲ.

ಸೊನ್ನೆ ಎಲ್ಲಿದೆ?

8586 ಎಂದರೆ ಎಲ್ಲಿಂದ 8586? ಸಮುದ್ರ ಮಟ್ಟದಿಂದ ಎಂದು ಎಲ್ಲರೂ ಹೇಳುತ್ತೇವೆ. ಆದರೆ ಸಮುದ್ರ ಸುಮ್ನೆ ಒಂದು ಕಡೆ ನಿಲ್ಲುವುದಿಲ್ಲ. ಭರತದಲ್ಲಿ ಏರುತ್ತದೆ, ಇಳಿತದಲ್ಲಿ ತಗ್ಗುತ್ತದೆ. ಹಾಗಾಗಿ ವರ್ಷಗಟ್ಟಲೆ ನೀರಿನ ಮಟ್ಟ ಬರೆದಿಟ್ಟು ಸರಾಸರಿ ತೆಗೆಯುತ್ತಾರೆ. ಭಾರತದ ಸೊನ್ನೆಯನ್ನು 1909ರಲ್ಲಿ ನಿಗದಿ ಮಾಡಿದಾಗ ಒಂಬತ್ತು ಬಂದರುಗಳ ನೀರಿನ ಅಳತೆಯನ್ನು ಆಧಾರ ಮಾಡಿಕೊಂಡರು. ಕರಾಚಿ, ಮುಂಬಯಿ, ಬೇಪೂರ್, ಕೊಚ್ಚಿ, ನಾಗಪಟ್ಟಣಂ, ಮದರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಎಂಟಾಯಿತು. ಒಂಬತ್ತನೆಯದು ನಮ್ಮ ಕಾರವಾರ. ರೈಲು ನಿಲ್ದಾಣದ ಹಳದಿ ಫಲಕದಲ್ಲಿ 'ಸಮುದ್ರ ಮಟ್ಟದಿಂದ ಎತ್ತರ' ಎಂದು ಓದುವಾಗ ಕಾರವಾರದ ಭರತ-ಇಳಿತವೂ ಆ ಅಂಕಿಯೊಳಗೆ ಸೇರಿದೆ ಎಂದು ನೆನಪಿಟ್ಟುಕೊಳ್ಳಿ. ಪರೀಕ್ಷೆಗೆ ಬರುತ್ತದೋ ಇಲ್ಲವೋ, ನಮ್ಮ ಜಿಲ್ಲೆಯವರಿಗೆ ಗೊತ್ತಿರಬೇಕು.

ಹೀಗೆ ಒಂದು ಬೆಟ್ಟಕ್ಕೆ ಎರಡು ಎತ್ತರ: ಸಮುದ್ರದಿಂದ ಒಂದು, ತಗ್ಗಿನಿಂದ ಒಂದು. ಶಿರಸಿ ಪೇಟೆಯೇ ಸುಮಾರು 590 ಮೀಟರ್ ಮೇಲಿದೆ. ಇಲ್ಲಿ 650 ಮೀಟರಿನ ಗುಡ್ಡ ಹತ್ತಿದೆ ಎಂದರೆ ಕುಮಟಾದವರು ಬೆರಗಾಗಬಹುದು, ಹತ್ತಿದ್ದು ಮಾತ್ರ 60 ಮೀಟರ್. ಘಟ್ಟದ ಕೆಳಗಿನವರಿಗೆ ಸೊನ್ನೆಯಿಂದಲೇ ಲೆಕ್ಕ, ಮೋಸ ಇಲ್ಲ. ಇನ್ನೊಂದು ತಮಾಷೆ. ಹೊರಗಿನವರಿಗೆ 'ನಮಗೆ ನಾಲ್ಕು ಎಕರೆ ಬೆಟ್ಟ ಇದೆ' ಎಂದರೆ ಶಿಖರ ಕಣ್ಣಿಗೆ ಬರುತ್ತದೆ. ನಮಗೆ ಬೆಟ್ಟ ಎಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಜಾಗ, ಅಷ್ಟೇ.

ಹತ್ತುವವರಿಗೆ ತಗ್ಗು

ಪಟ್ಟಿ ಮಾಡುವವರು ಕಳೆಯುವ ಅದೇ ತಗ್ಗು, ಹತ್ತುವವರಿಗೆ ಬಾಗಿಲು. ನಮ್ಮ ದೇವಿಮನೆ ಘಟ್ಟದ ರಸ್ತೆಯೂ ಗುಡ್ಡದ ನೆತ್ತಿ ಹತ್ತುವುದಿಲ್ಲ, ತಗ್ಗು ಹುಡುಕಿಕೊಂಡು ಹೋಗುತ್ತದೆ. ಉತ್ತರಾಖಂಡದ ಕಾಮೆಟ್‌ನಲ್ಲೂ ಇದೇ ಕತೆ. ಕಾಮೆಟ್‌ಗೂ ಪಕ್ಕದ 7355 ಮೀಟರಿನ ಅಬಿ ಗಮಿನ್‌ಗೂ ನಡುವೆ ಮೀಡ್ಸ್ ಕಾಲ್ ಎಂಬ ತಗ್ಗಿದೆ, ಸುಮಾರು 7138 ಮೀಟರ್. ಮೀಡ್ ಎಂಬ ಬ್ರಿಟಿಷ್ ಪರ್ವತಾರೋಹಿ 1913ರಲ್ಲಿ ಅಲ್ಲಿತನಕ ಹೋಗಿದ್ದರು. 1931ರ ಜೂನ್‌ನಲ್ಲಿ ಫ್ರಾಂಕ್ ಸ್ಮೈಥ್ ಅವರ ತಂಡ ಇದೇ ದಾರಿಯಲ್ಲಿ ತುದಿ ಮುಟ್ಟಿತು. ಶಿಖರ ಸೇರಿದವರಲ್ಲಿ ಎರಿಕ್ ಶಿಪ್ಟನ್, ಶೆರ್ಪಾ ಲೆವಾ ಕೂಡ ಇದ್ದರು. ಮನುಷ್ಯರು ಹತ್ತಿದ ಮೊದಲ 25,000 ಅಡಿಯ ಶಿಖರ ಅದು.

ನಂದಾದೇವಿಯಲ್ಲಿ ತಗ್ಗೇ ಸಿಗದ್ದು ತೊಂದರೆ. ಸುತ್ತ ಬೆಟ್ಟಗಳ ಕೋಟೆ. ಒಳಗೆ ಬಿಡುವುದು ಋಷಿಗಂಗಾ ಕೊರಕಲು ಒಂದೇ. ಶಿಪ್ಟನ್ ಮತ್ತು ಬಿಲ್ ಟಿಲ್ಮನ್ 1934ರಲ್ಲಿ ಆ ಕೊರಕಲಿನಲ್ಲಿ ದಾರಿ ಹುಡುಕಿದರು. ತುದಿಗೆ ಹೋಗಿದ್ದು 1936ರ ಆಗಸ್ಟ್ 29ರಂದು, ಟಿಲ್ಮನ್ ಮತ್ತು ನೋಯೆಲ್ ಒಡೆಲ್. 1950ರ ತನಕ ಅದಕ್ಕಿಂತ ಎತ್ತರದ ತುದಿಯನ್ನು ಯಾರೂ ಮುಟ್ಟಲಿಲ್ಲ.

ಕಾಂಚನಜುಂಗಾದ ಕತೆ ನನಗೆ ಬಹಳ ಇಷ್ಟ. 1955ರ ಮೇ 25ರಂದು ಜೋ ಬ್ರೌನ್, ಜಾರ್ಜ್ ಬ್ಯಾಂಡ್ ಇಬ್ಬರೂ ತುದಿಗೆ ಕೆಲವೇ ಅಡಿ ಇರುವಾಗ ನಿಂತರು. ಸಿಕ್ಕಿಂ ಜನರಿಗೆ ಅದು ದೇವರ ಬೆಟ್ಟ. ನೆತ್ತಿ ತುಳಿಯುವುದಿಲ್ಲ ಎಂದು ಅಲ್ಲಿನ ದೊರೆ ಚೋಗ್ಯಾಲರಿಗೆ ಮಾತು ಕೊಟ್ಟಿದ್ದರು. 1977ರಲ್ಲಿ ಕರ್ನಲ್ ನರಿಂದರ್ ಕುಮಾರ್ ಅವರ ಸೇನಾ ತಂಡ ಸಿಕ್ಕಿಂ ಕಡೆಯಿಂದ ಹತ್ತಿತು, ಅವರೂ ಆ ಮಾತು ಉಳಿಸಿಕೊಂಡರು. ದಾಖಲೆಯಲ್ಲಿ ಇವೆಲ್ಲ 'ಹತ್ತಿದ್ದು' ಎಂದೇ ಸೇರಿವೆ. ಚೌಡಿ ಕಟ್ಟೆಯ ಹತ್ತಿರ ಬಂದಾಗ ಚಪ್ಪಲಿ ಬಿಡುವ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಈಗ ಸಿಕ್ಕಿಂ ಕಡೆಯಿಂದ ಹತ್ತಲು ಅನುಮತಿಯೇ ಇಲ್ಲ. 1982ರಲ್ಲಿ ನಂದಾದೇವಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಅದರ ಒಳ ಅಂಗಳವೂ ಪರ್ವತಾರೋಹಿಗಳಿಗೆ ಮುಚ್ಚಿತು.

ಎತ್ತರವೇ ಕಷ್ಟದ ಅಳತೆ ಎಂದುಕೊಳ್ಳಬೇಡಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗೆ ಮೆಟ್ಟಿಲು ಹತ್ತಿ ಅಜ್ಜಿಯರೂ ಹೋಗಿ ಬರುತ್ತಾರೆ. ಯಾಣದ ಭೈರವೇಶ್ವರ ಶಿಖರ ಬರೀ 120 ಮೀಟರ್, ಆದರೆ ಬಂಡೆಯ ಮೇಲೆ ಕೈ ಇಡಲು ಜಾಗ ಹುಡುಕಬೇಕು. ಆಲ್ಪ್ಸ್‌ನ ಫ್ರೆಂಚ್ ಪದ್ಧತಿಯಲ್ಲಿ ಕಷ್ಟಕ್ಕೆ ಆರು ಹಂತ, ಸುಲಭದ್ದು ಮೊದಲು: ಎಫ್, ಪಿಡಿ, ಎಡಿ, ಡಿ, ಟಿಡಿ, ಇಡಿ. ಈ ಗುರುತು ಕೊಡುವುದು ಬೆಟ್ಟಕ್ಕಲ್ಲ, ದಾರಿಗೆ. ಒಂದೇ ಬೆಟ್ಟಕ್ಕೆ ಒಂದು ಕಡೆ ಎಫ್, ಇನ್ನೊಂದು ಕಡೆ ಟಿಡಿ ಇರಬಹುದು.

ಎತ್ತರ ಕಾಡುವುದು ಗಾಳಿಯಲ್ಲಿ. 5500 ಮೀಟರಿನಲ್ಲಿ ಗಾಳಿಯ ಒತ್ತಡ ಕಾರವಾರ ಕಡಲತೀರದ ಅರ್ಧದಷ್ಟೇ. ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ನೀರು 82 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ನಮ್ಮ ಕುಚ್ಚಲಕ್ಕಿ ಬೇಯಿಸಲು ಹೋದರೆ ಗ್ಯಾಸ್ ಮುಗಿದೀತು, ಅನ್ನ ಆಗದು. ದೇಹಕ್ಕೆ ರೂಢಿಯಾಗಲು ಸಮಯ ಕೊಡಬೇಕು. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡುವು. ಹಗಲು ಮೇಲೆ ಹೋಗಿ, ರಾತ್ರಿ ಕೆಳಗೆ ಬಂದು ಮಲಗುವುದು ಒಳ್ಳೆಯ ರೂಢಿ. ತಲೆನೋವು, ವಾಕರಿಕೆ ಇದ್ದಾಗ ಮೇಲೆ ಹೋಗಬೇಡಿ. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಯಬೇಕು.

ಕಲಿಯುವ ಮನಸ್ಸಿದ್ದವರಿಗೆ ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ, ಉತ್ತರಕಾಶಿಯಲ್ಲಿ 1965ರಲ್ಲಿ ಶುರುವಾದ ಪರ್ವತಾರೋಹಣ ಸಂಸ್ಥೆಗಳಿವೆ.

ಮುಂದಿನ ಭಾನುವಾರಕ್ಕೆ ಒಂದು ಲೆಕ್ಕ. ಅಬಿ ಗಮಿನ್ 7355 ಮೀಟರ್, ಅದರ ತಗ್ಗು ಮೀಡ್ಸ್ ಕಾಲ್. ಅಲ್ಲೇ ಹತ್ತಿರದ ಮಾನಾ ಶಿಖರ 7272 ಮೀಟರ್, ಅದರ ಸ್ವಂತ ಎತ್ತರ 700 ಮೀಟರ್ ದಾಟುತ್ತದೆ. 500ರ ಗಡಿ ಹಾಕಿದರೆ ಪಟ್ಟಿಯಲ್ಲಿ ಉಳಿಯುವುದು ಯಾವುದು? ಆಲ್ಪ್ಸ್‌ನವರ 30ರ ಗಡಿ ಹಾಕಿದರೆ? ಕಳೆಯುವ ಲೆಕ್ಕ ಪುಸ್ತಕದಲ್ಲಿ ಮಾಡಿ ತನ್ನಿ, ಬಾಯಲ್ಲಿ ಬೇಡ. ನನ್ನ ಅಂಕ ಹೋಗಿದ್ದು ಹಾಗೇ.