ಗೇಮ್ ಆಡಿ ನರ್ಸಿಂಗ್ ಕಲಿಯೋಕಾಗುತ್ತಾ?

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಯಾವಾಗ ನೋಡಿದರೂ ಮೊಬೈಲ್‌ನಲ್ಲಿ ಗೇಮ್. ಬೈದರೆ 'ಅಮ್ಮಾ, ಇದು ಪಾಠ' ಅಂತಾಳೆ. ಗೇಮ್ ಆಡಿ ರೋಗಿಗಳನ್ನು ನೋಡಿಕೊಳ್ಳೋದು ಕಲಿಯೋಕಾಗುತ್ತಾ?

ಉತ್ತರ: ಮಗಳು ಹೇಳುವುದು ನಿಜವೇ ಇರಬಹುದು, ಅಮ್ಮಾ. ಆದರೆ ಯಾವ ಗೇಮ್ ಅನ್ನೋದು ಮುಖ್ಯ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರೂ ಕೆನ್ಯಾದ ಸಂಶೋಧಕರೂ ಸೇರಿ ಮಾಡಿದ 'ಲೈಫ್' ಎಂಬ ಮೊಬೈಲ್ ಗೇಮ್ ಇದೆ. ಆಗ ತಾನೇ ಹುಟ್ಟಿದ ಮಗು ಉಸಿರಾಡುತ್ತಿಲ್ಲ. ಮೊದಲು ಏನು ಮಾಡುತ್ತೀರಿ? ಒರೆಸಿ ಬೆಚ್ಚಗಿಡಬೇಕು, ತಲೆಯನ್ನು ಸರಿಯಾಗಿ ಇಟ್ಟು ಉಸಿರಿಗೆ ದಾರಿ ಮಾಡಬೇಕು, ಆಗಲೂ ಉಸಿರಾಡದಿದ್ದರೆ ಆಂಬು ಬ್ಯಾಗ್‌ನಿಂದ, ಅಂದರೆ ಕೈಯಲ್ಲಿ ಹಿಸುಕಿ ಉಸಿರು ಕೊಡುವ ಚೀಲದಿಂದ, ಗಾಳಿ ಕೊಡಬೇಕು. ಇಷ್ಟಕ್ಕೂ ಇರುವುದು ಒಂದೇ ನಿಮಿಷ. ಪುಸ್ತಕದಲ್ಲೂ ಇದೇ ಇದೆ. ಆದರೆ ಪುಸ್ತಕ ಓದುವಾಗ ಗಡಿಯಾರ ಓಡುವುದಿಲ್ಲ, ಎದೆ ಡವಡವ ಅನ್ನುವುದಿಲ್ಲ. ಗೇಮ್‌ನಲ್ಲಿ ತಪ್ಪು ಹೆಜ್ಜೆ ಇಟ್ಟರೆ ಅಲ್ಲೇ ಗೊತ್ತಾಗುತ್ತದೆ. ಹತ್ತು ಸಲ ತಪ್ಪಿದರೂ ಯಾವ ಮಗುವಿಗೂ ತೊಂದರೆಯಿಲ್ಲ.

ಡ್ರಿಪ್ ಲೆಕ್ಕವೂ ಹೀಗೆಯೇ. 500 ಮಿ.ಲೀ. ಸಲೈನ್ 6 ಗಂಟೆಯಲ್ಲಿ ಹೋಗಬೇಕು, ಒಂದು ಮಿ.ಲೀ.ಗೆ 20 ಹನಿ ಬೀಳುವ ಸೆಟ್ ಇದೆ. ನಿಮಿಷಕ್ಕೆ ಎಷ್ಟು ಹನಿ? ಸುಮಾರು 28. ರಾತ್ರಿ ಡ್ಯೂಟಿಯಲ್ಲಿ ನಿದ್ದೆಗಣ್ಣಲ್ಲೂ ಇದು ಥಟ್ಟನೆ ಹೊಳೆಯಬೇಕು. ಇಂಥ ಲೆಕ್ಕ ಬಾಯಿಗೆ ಬರುವವರೆಗೆ ಮಾಡಿಸೋಕೆ ಗೇಮ್‌ಗಿಂತ ತಾಳ್ಮೆಯ ಮೇಷ್ಟ್ರು ಸಿಗುವುದು ಕಷ್ಟ.

ಇನ್ನು ಕೈಯ ವಿಷಯಕ್ಕೆ ಬರೋಣ. ಆ ಡ್ರಿಪ್ ಹಾಕಲು ಕ್ಯಾನುಲಾ, ಅಂದರೆ ರಕ್ತನಾಳದೊಳಗೆ ಕೂರಿಸುವ ಸಣ್ಣ ಕೊಳವೆ, ಚುಚ್ಚಬೇಕಲ್ಲ? ಬೆರಳ ಕೆಳಗೆ ರಕ್ತನಾಳ ಸಿಕ್ಕಿತೋ ಜಾರಿತೋ ಅನ್ನೋದು ಗಾಜಿನ ಪರದೆಗೆ ಗೊತ್ತಾಗುವುದಿಲ್ಲ. ಸಿ.ಪಿ.ಆರ್., ಅಂದರೆ ನಿಂತ ಹೃದಯಕ್ಕೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ, ಮಾಡುವಾಗ ದೊಡ್ಡವರ ಎದೆಯನ್ನು 5ರಿಂದ 6 ಸೆಂ.ಮೀ. ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೇ ತೋಳು ಸೋತುಹೋಗುತ್ತದೆ. ಮೊಬೈಲ್ ಒತ್ತಿದರೆ ಹೆಬ್ಬೆರಳು ನೋಯಬಹುದು, ಅಷ್ಟೇ. ಅದಕ್ಕೇ ಅಭ್ಯಾಸಕ್ಕೆ ಗೊಂಬೆ ಬೇಕು. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ 'ಮಿಸೆಸ್ ಚೇಸ್' ಎಂಬ ಆಳೆತ್ತರದ ಗೊಂಬೆ ಬಂದದ್ದು 1911ರಲ್ಲಿ. ಸಿಮ್ಯುಲೇಶನ್, ಅಂದರೆ ನಿಜವಾದ ರೋಗಿಯ ಬದಲು ಅಣಕು ಸನ್ನಿವೇಶದಲ್ಲಿ ಅಭ್ಯಾಸ ಮಾಡೋದು, ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ.

ಅಮೆರಿಕದ ನರ್ಸಿಂಗ್ ಮಂಡಳಿಗಳ ಒಕ್ಕೂಟ 2014ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. 600ಕ್ಕೂ ಹೆಚ್ಚು ವಿದ್ಯಾರ್ಥಿಗಳು ಅದರಲ್ಲಿದ್ದರು. ಆಸ್ಪತ್ರೆ ಪೋಸ್ಟಿಂಗ್‌ನ ಅರ್ಧದಷ್ಟು ಸಮಯವನ್ನು ಒಳ್ಳೆಯ ಸಿಮ್ಯುಲೇಶನ್‌ಗೆ ಬದಲಾಯಿಸಿದರೂ ಕಲಿಕೆ ಕುಂದಲಿಲ್ಲ. ಇದನ್ನು ಹಿಡಿದುಕೊಂಡು 'ಹಾಗಾದರೆ ಗೇಮ್ ಸಾಕು' ಅನ್ನುವವರಿದ್ದಾರೆ. ಅದು ತಪ್ಪು. ಅಲ್ಲಿ ತರಬೇತಿ ಪಡೆದ ಅಧ್ಯಾಪಕರಿದ್ದರು. ಪ್ರತಿ ಅಭ್ಯಾಸ ಮುಗಿದ ಮೇಲೆ 'ಯಾಕೆ ಹಾಗೆ ಮಾಡಿದೆ, ಬೇರೆ ಏನು ಮಾಡಬಹುದಿತ್ತು' ಅಂತ ಕೂತು ಮಾತಾಡುತ್ತಿದ್ದರು. ಉಳಿದರ್ಧ ಆಸ್ಪತ್ರೆಯಲ್ಲೇ ಕಳೆಯಿತು.

ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಬಿ.ಎಸ್ಸಿ. ಪಠ್ಯಕ್ರಮದಲ್ಲೂ ಸಿಮ್ಯುಲೇಶನ್‌ಗೆ ಜಾಗ ಇದೆ. ಕೈಕೆಲಸ ಅಭ್ಯಾಸ ಮಾಡಿಸುವ ಸ್ಕಿಲ್ ಲ್ಯಾಬ್‌ನ ಗೊಂಬೆಗೆ ಬೀಗ ಹಾಕಿ ಆ್ಯಪ್ ಕೈಗೆ ಕೊಟ್ಟರೆ ಮಾತ್ರ ಕಾಲೇಜಿಗೆ ಹೋಗಿ ಕೇಳಿ.

ಮುಂದಿನ ಸಲ ಮಗಳು ಆಡುವಾಗ ಸುಮ್ನೆ ಪಕ್ಕದಲ್ಲಿ ಕೂತು, 'ಈಗ ಯಾಕೆ ಅದನ್ನೇ ಒತ್ತಿದೆ?' ಅನ್ನಿ. ರೋಗಿಯ ಬಗ್ಗೆ ಹೇಳಿದರೆ ಆಡಲಿ ಬಿಡಿ. ಸ್ಕೋರ್ ಬಗ್ಗೆ ಹೇಳಿದರೆ ಮೊಬೈಲ್ ಇಸ್ಕೊಳ್ಳಿ.