ಅಳತೆಗೋಲು ಬದಲಾದಂತೆ ಬದಲಾಗುವ ನಂಬರ್ ಒನ್

ನಂಬರ್ ಒನ್ ಹಾಡು ಎಂದರೆ ಆ ವಾರ ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚಿದ ಹಾಡು ಎಂಬ ನಂಬಿಕೆ ಇದೆ. ಮೆಚ್ಚುಗೆಯನ್ನು ಅಳೆಯುವ ದಾರಿ ಚಾರ್ಟ್‌ಗೆ, ಅಂದರೆ ವಾರವಾರದ ಜನಪ್ರಿಯ ಹಾಡುಗಳ ಪಟ್ಟಿಗೆ, ಗೊತ್ತಿಲ್ಲ. ಎಷ್ಟು ಮಾರಾಟವಾಯಿತು, ರೇಡಿಯೋದಲ್ಲಿ ಎಷ್ಟು ಸಲ ಬಂತು, ಎಷ್ಟು ಸಲ ಸ್ಟ್ರೀಮ್ ಆಯಿತು (ಇಂಟರ್ನೆಟ್‌ನಲ್ಲಿ ನೇರವಾಗಿ ಕೇಳಿದರು), ಇವಕ್ಕೆ ಒಂದೊಂದು ತೂಕ ಕೊಟ್ಟು ಕೂಡಿಸುವುದಷ್ಟೇ ಅದರ ಕೆಲಸ. ಆ ತೂಕ ಬದಲಾದದ್ದನ್ನು ಮರೆತು ಎರಡು ಕಾಲದ ಹಾಡುಗಳನ್ನು ಹೋಲಿಸುವುದು ಸೇರಿನ ಲೆಕ್ಕವನ್ನೂ ಕಿಲೋ ಲೆಕ್ಕವನ್ನೂ ಒಂದೇ ಎಂದ ಹಾಗೆ.

ಬ್ರಿಟನ್ನಿನ ಮೊದಲ ಸಿಂಗಲ್ಸ್ (ಬಿಡಿ ಹಾಡಿನ ರೆಕಾರ್ಡ್) ಚಾರ್ಟ್ ಹೊರಬಂದದ್ದು 1952ರ ನವೆಂಬರ್ 14ರಂದು, 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ. ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ ಕೇಳಿ ಬರೆದ ಪಟ್ಟಿ ಅದು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ 1958ರ ಆಗಸ್ಟ್ 4ರಂದು ಹಾಟ್ 100 ಎಂಬ ಹಾಡುಗಳ ಪಟ್ಟಿ ಆರಂಭಿಸಿದಾಗಲೂ ಅಂಗಡಿಗಳ ಮತ್ತು ರೇಡಿಯೋ ಕೇಂದ್ರಗಳ ಮಾತೇ ಆಧಾರ. ಕೌಂಟರಿನಲ್ಲಿದ್ದವನ ನೆನಪು, ಅಭಿರುಚಿ ಎರಡೂ ಲೆಕ್ಕದೊಳಗೆ ನುಸುಳುತ್ತಿದ್ದವು. ಯಾವ ಅಂಗಡಿ ವರದಿ ಕೊಡುತ್ತದೆ ಎಂದು ತಿಳಿದರೆ, ಲೆಕ್ಕ ಏರಿಸಲು ರೆಕಾರ್ಡ್ ಕಂಪನಿಯವರಿಗೆ ಅಷ್ಟೇ ಸಾಕಿತ್ತು. ರೇಡಿಯೋ ಕಡೆ ದುಡ್ಡು ಕೊಟ್ಟು ಹಾಡು ಹಾಕಿಸುವ ಪದ್ಧತಿಗೆ 'ಪೇಯೋಲಾ' ಎಂಬ ಹೆಸರೇ ಇತ್ತು. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿ 1960ರಲ್ಲಿ ಕಾನೂನು ತಿದ್ದಿತು.

1991ರ ಮೇ 25ರಂದು ಬಿಲ್‌ಬೋರ್ಡ್‌ನ ಆಲ್ಬಮ್ ಪಟ್ಟಿ ಸೌಂಡ್‌ಸ್ಕ್ಯಾನ್ ಎಂಬ ಮಾರಾಟ ಎಣಿಸುವ ವ್ಯವಸ್ಥೆಗೆ ಬದಲಾಯಿತು. ಬಾರ್‌ಕೋಡ್ ಓದಿದ್ದಷ್ಟೇ ಲೆಕ್ಕ. ಅಂಗಡಿಯವರು ಕೆಳಗೆ ತಳ್ಳುತ್ತಿದ್ದ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ), ರ‍್ಯಾಪ್ ಆಲ್ಬಮ್‌ಗಳು ತಟ್ಟನೆ ಮೇಲೆ ಬಂದವು. ಕೇಳುಗರು ಒಂದೇ ವಾರದಲ್ಲಿ ಬದಲಾದರೇ? ಇಲ್ಲ, ಎಣಿಕೆ ಬದಲಾಯಿತು. ಮೆಲ್ಲಗೆ ಮೆಟ್ಟಿಲೇರುವುದು ಕಡಿಮೆಯಾಗಿ, ಮೊದಲ ವಾರವೇ ತುದಿ ಮುಟ್ಟಿ ಮರುವಾರ ಜಾರುವ ಈಗಿನ ಚಾಳಿ ಶುರುವಾದದ್ದೂ ಅಲ್ಲಿಂದಲೇ.

ನಿಯಮವೇ ಹಾಡನ್ನು ಹೊರಗಿಟ್ಟದ್ದೂ ಉಂಟು. 1998ರ ಡಿಸೆಂಬರ್‌ವರೆಗೆ, ಸಿಂಗಲ್ ಆಗಿ ಅಂಗಡಿಗೆ ಬರದ ಹಾಡಿಗೆ ಹಾಟ್ 100ರಲ್ಲಿ ಜಾಗವಿರಲಿಲ್ಲ. ಪೂರ್ತಿ ಆಲ್ಬಮ್ ಕೊಳ್ಳಲಿ ಎಂದು ಕಂಪನಿಗಳು ಸಿಂಗಲ್ ತಡೆಹಿಡಿಯುತ್ತಿದ್ದವು. ಅಮೆರಿಕದ ಗಾಯಕಿ ಮರಾಯಾ ಕ್ಯಾರಿಯ 1994ರ ಕ್ರಿಸ್‌ಮಸ್ ಹಾಡು ಹೀಗೆ ಆಗ ಹೊರಗುಳಿದು, ಸ್ಟ್ರೀಮಿಂಗ್ ಬಲದಿಂದ 2019ರ ಡಿಸೆಂಬರ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು.

ಈಗಿನ ಗೊಂದಲವೆಲ್ಲ ಸ್ಟ್ರೀಮ್‌ನ ಬೆಲೆ ಕಟ್ಟುವುದರಲ್ಲಿದೆ. ಬ್ರಿಟನ್‌ನಲ್ಲಿ 2014ರಲ್ಲಿ 100 ಸ್ಟ್ರೀಮ್ ಒಂದು ಮಾರಾಟಕ್ಕೆ ಸಮ, 2017ರಲ್ಲಿ 150. 2018ರಲ್ಲಿ ಚಂದಾದಾರರದು 100, ಜಾಹೀರಾತಿನ ಜೊತೆ ಪುಕ್ಕಟೆ ಕೇಳುವವರದು 600 ಎಂದು ಬೇರ್ಪಡಿಸಿದರು. ಅಂದರೆ 12 ಲಕ್ಷ ಸ್ಟ್ರೀಮ್ ಪೂರ್ತಿ ಚಂದಾದಾರರದ್ದಾದರೆ 12,000 ಮಾರಾಟ, ಪುಕ್ಕಟೆಯದ್ದಾದರೆ ಬರೀ 2,000. ಹಳೆಯ ಹಾಡಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ: ಸುಮಾರು ಹತ್ತು ವಾರ ಕಳೆದ ಮೇಲೆ ಸತತ ಮೂರು ವಾರ ಇಳಿದರೆ ಅನುಪಾತ ದುಪ್ಪಟ್ಟಾಗುತ್ತದೆ, ಅದೇ 12 ಲಕ್ಷಕ್ಕೆ 6,000 ಅಥವಾ 1,000 ಅಷ್ಟೇ. ಕೇಳುಗರು ಹೆಚ್ಚುಕಡಿಮೆ ಹಾಗೇ ಇದ್ದರೂ ಹಾಡು ದೊಪ್ಪೆಂದು ಬೀಳುವುದು ಇದಕ್ಕೇ. 2017ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಗಾಯಕ ಎಡ್ ಶೀರನ್ ಒಬ್ಬರದೇ 16 ಹಾಡು ಮೊದಲ 20ರಲ್ಲಿ ಕೂತ ಮೇಲೆ, ಒಬ್ಬ ಮುಖ್ಯ ಕಲಾವಿದರಿಗೆ ಮೂರೇ ಹಾಡು ಎಂಬ ಮಿತಿಯೂ ಬಂತು. ಉಳಿದ ಹದಿಮೂರನ್ನು ಜನ ಕೇಳಿದ್ದು ಸುಳ್ಳೇನಲ್ಲ. ಆದರೆ ಹೊಸಬರಿಗೆ ಜಾಗ ಬಿಡುವುದೂ ಪಟ್ಟಿಯ ಕೆಲಸ ಎಂದು ಅದನ್ನು ನಡೆಸುವವರು ತೀರ್ಮಾನಿಸಿದರು.

ಟೀಶರ್ಟ್, ಸಂಗೀತ ಕಛೇರಿ ಟಿಕೆಟ್‌ಗಳ ಜೊತೆ ಆಲ್ಬಮ್ ಕಟ್ಟಿ ಮಾರಿ ಎಣಿಕೆ ಏರಿಸುವ ಉಪಾಯಕ್ಕೆ ಬಿಲ್‌ಬೋರ್ಡ್ 2020ರಲ್ಲಿ ಕಡಿವಾಣ ಹಾಕಿತು. ಮಾರುವವರು ಬೇರೆ ಬಾಗಿಲು ಹುಡುಕಿಕೊಂಡರು: ಒಂದೇ ಆಲ್ಬಮ್‌ಗೆ ಹಲವು ಬಣ್ಣದ ವಿನೈಲ್ ರೆಕಾರ್ಡ್, ಹಲವು ಮುಖಪುಟ. ಅಭಿಮಾನಿ ಕೇಳುವುದು ಒಂದನ್ನೇ. ಕೊಂಡದ್ದು ನಾಲ್ಕಾದರೆ ಎಣಿಕೆಯೂ ನಾಲ್ಕು.